ಹಿಂದಿನ ನೆರಿಗೆ

ಗೋಣಿಕೊಪ್ಪಲಿನಲ್ಲಿ, ಔಷಧದಂಗಡಿಯ ಮಹಡಿಯ ಮೇಲೆ
ಒಂದು ಕೋಣೆ, ಎರಡು ನಿಲುವುಗನ್ನಡಿ, ಹದಿನೆಂಟು ಕುಪ್ಯ.
ಮದುವೆಯ ತಿಂಗಳು ಕಳೆದ ಮೇಲೆ
ನನಗೆ ಅನ್ನ ಹಾಕುವುದು ಹಾಡುಗಳು.

ಫೋನಿನಲ್ಲಿ ಕೇಳುವ ಲೆಕ್ಕದಿಂದಲೇ ಹೇಳಬಲ್ಲೆ
ಯಾವ ಜಾತಿಯ ಹಾಡೆಂದು.
ಆರು ಕುಪ್ಯ, ಪೀಚೆಕತ್ತಿ ಫಳಫಳ ಹೊಳೆಯುವಂಥದು,
ಚೇಲೆ ಬೇಡ, ದಪ್ಪ ಸರ ಇದೆಯಾ ಅಕ್ಕಾ ಎಂದರೆ
ಅದು ರ‍್ಯಾಪ್.
ಹುಡುಗರು ಜೀಪಿನ ಬಾನೆಟ್ ಮೇಲೆ ಕೂರುತ್ತಾರೆ,
ಕ್ಯಾಮೆರಾ ಮೊಣಕಾಲಿನ ಎತ್ತರಕ್ಕೆ,
ಬೆರಳೆಲ್ಲ ಲೆನ್ಸಿನ ಮೂತಿಗೆ.
ಕೋವಿ ಕೇಳುತ್ತಾರೆ. ಕೊಡುವುದಿಲ್ಲ.
ಹುಟ್ಟಿಗೆ ಒಂದು ಗುಂಡು, ಸಾವಿಗೆ ಎರಡು;
ಅದರ ಲೆಕ್ಕವೇ ಬೇರೆ, ತಾಳದ ಲೆಕ್ಕ ಬೇರೆ.

ಬಿಳಿ ಗೌನು ನಮ್ಮಲ್ಲೇ ಇದೆ, ಬರೀ ಪಿನ್ನು ತನ್ನಿ ಎಂದರೆ ಪ್ರೇಮ.
ಪ್ರೇಮಕ್ಕೆ ಮಾಂದಲಪಟ್ಟಿ, ಬೆಳಗಿನ ಐದೂವರೆ.
ಇದ್ದ ಮಂಜು ಸಾಲದೆಂದು ಹೊಗೆಯ ಯಂತ್ರ.
ಮಂಜಿನೊಳಗೆ ಮಂಜು ಬಿಡುತ್ತಿದ್ದ ಆ ಹುಡುಗನನ್ನು ಕಂಡು
ಜೀಪಿನ ಉತ್ತಯ್ಯ ಎಷ್ಟು ನಕ್ಕನೆಂದರೆ
ಬಗ್ಗಿದವನ ಟೋಪಿ ಫ್ರೇಮಿನೊಳಗೆ ಬಿತ್ತು.
ಇವತ್ತಿಗೂ ಅಲ್ಲಿದೆ, ನಾಯಕಿಯ ಎಡಗಡೆ.

ಕುಡುಕನ ಹಾಡಿಗೆ ಗಾಜಿನ ಆಚೆ ಮಳೆ, ಈಚೆ ಲೋಟ.
ದೇವರ ಹಾಡಿಗೆ ಮೇಲಿನಿಂದ ಬೆಳಕು. ಅದಕ್ಕೆ ನಾನು ಬೇಡ.

ಮೊನ್ನೆ ಬಂದದ್ದು ವಿರಹ.
ಕೊರಳಲ್ಲಿ ಲೈಟ್ ಮೀಟರು, ಕಾಲಲ್ಲಿ ಜಿಗಣೆ,
ಇಪ್ಪತ್ತಾರು ದಾಟಿರಲಿಕ್ಕಿಲ್ಲ ನಿರ್ದೇಶಕನಿಗೆ.
"ಸೀರೆ ನಿಮ್ಮದೇ ಥರ, ಕೆಂಪು.
ಆದರೆ ನೆರಿಗೆ ಮುಂದೆ ಬರಲಿ ಮೇಡಂ.
ಸ್ಲೋ ಮೋಷನ್ನಿನಲ್ಲಿ ಗಾಳಿ ಬೀಸಿದರೆ
ನೆರಿಗೆಯೇ ಅರ್ಧ ಅಭಿನಯ.
ಹಿಂದೆ ಕಟ್ಟಿದರೆ ಯಾರಿಗೆ ಕಾಣುತ್ತೆ?"

ಹೇಳಬಹುದಿತ್ತು,
ಕಾವೇರಿ ನೀರಾಗಿ ಹೊರಟ ದಿನ
ತಡೆಯಲು ನಿಂತವರ ನೆರಿಗೆಯನ್ನು
ಹಿಂದಕ್ಕೆ ತಳ್ಳಿ ಹರಿದಳೆಂಬ ಕತೆ.
ಹೇಳಿದರೆ ಅದನ್ನೂ ಡ್ರೋನಿನಲ್ಲಿ ತೆಗೆದಾನು.
ಸುಮ್ಮನೆ ಕೇಳಿದೆ: ಕೊನೆಯ ಶಾಟ್ ಏನು?

ಹುಡುಗಿ ನಡೆದು ಹೋಗುತ್ತಾಳೆ.

ತಿರುಗಿ ನೋಡುತ್ತಾಳಾ?

ಇಲ್ಲ ಮೇಡಂ, ವಿರಹದಲ್ಲಿ ನೋಡಲ್ಲ,
ನೋಡಿದರೆ ಎರಡನೇ ಭಾಗ ತೆಗೀಬೇಕಾಗುತ್ತೆ.

ಕ್ಯಾಮೆರಾ ಎಲ್ಲಿರುತ್ತೆ?

ಹಿಂದೆ,
ಎಂದವನು ಸ್ವಲ್ಪ ಹೊತ್ತು ಸುಮ್ಮನಾದ.
ಬಗ್ಗಿ ಜಿಗಣೆ ಕಿತ್ತ.

ಹರಿಹರದ ಹುಡುಗಿ ರಂಜಿತಾ. ಉಸಿರು ಬಿಗಿಹಿಡಿದು
ಕಂಬದ ಹಾಗೆ ನಿಂತು ಉಡಿಸಿಕೊಂಡಳು.
ಸೆರಗು ಎಡದ ಕಂಕುಳಡಿ ಬಂದು ಬಲದ ಹೆಗಲೇರಿ
ಗಂಟು ಬಿದ್ದಾಗ, "ಇದರಲ್ಲಿ ಅಳೋದು ಕಷ್ಟ" ಅಂದಳು,
"ಬೆನ್ನು ಬಗ್ಗೋದೇ ಇಲ್ಲ."
ಟೇಕುಗಳ ನಡುವೆ ಕಡಂಬುಟ್ಟು ತಿಂದಳು
ಸೂಜಿ ಮೆಣಸಿನ ಚಟ್ನಿಯಲ್ಲಿ.
ಗ್ಲಿಸರಿನ್ ಕೊಚ್ಚಿಹೋಗುವಷ್ಟು ಅಸಲಿ ನೀರು ಬಂತು ಕಣ್ಣಿಗೆ;
ಕ್ಯಾಮೆರಾದವನು ಬ್ಯಾಟರಿ ಬದಲಿಸುತ್ತಿದ್ದ.

ಹಾಡು ಬಿಟ್ಟು ಮೂರು ವಾರ.
ಮೂರೂವರೆ ನಿಮಿಷ ಮುಂದಿನಿಂದ
ಅವಳು ಕಿಟಕಿ ನೋಡುತ್ತಾಳೆ, ಪತ್ರ ಹರಿಯುತ್ತಾಳೆ
(ಯಾರು ಬರೆಯುತ್ತಾರೆ ಈಗ ಪತ್ರ?
ಆದರೆ ವಾಟ್ಸಾಪ್ ಅಳಿಸಿದರೆ ಗಾಳಿಗೆ ಹಾರುವುದಿಲ್ಲವಲ್ಲ),
ಆಮೇಲೆ ಬೆನ್ನು ಕೊಡುತ್ತಾಳೆ.
ಏಳು ನೆರಿಗೆ, ನನ್ನ ಬೆರಳಿನ ಅಳತೆಯವು,
ಹುಲ್ಲಿನ ಮೇಲೆ ಬಿಚ್ಚಿ, ಮುಚ್ಚಿ, ಬಿಚ್ಚಿ
ನಾಲ್ಕು ಸೆಕೆಂಡು.
ಆಮೇಲೆ ಹೊಗೆ. ಆಮೇಲೆ ಹೆಸರುಗಳು.
ಉಡುಪು: ದೇವಮ್ಮ, ಎಂದಿದೆ. ನಾನು ದೇಚಮ್ಮ.

ನಿಲ್ಲಿಸಿ ನೋಡೋಣವೆಂದು ತೆರೆ ಮುಟ್ಟಿದರೆ
ಆ ತ್ರಿಕೋನ ಎದ್ದು ಬಂದು
ಸರಿಯಾಗಿ ನೆರಿಗೆಯ ಮೇಲೆಯೇ ಕೂರುತ್ತದೆ.
ಬಿಡುತ್ತೇನೆ. ನಡೆಯಲಿ ಅವಳು.

ಫೋನು.
ಒಂದು ಕುಪ್ಯ, ಒಂದು ಸೀರೆ, ಎರಡು ನಾಯಿ ಸಿಗುತ್ತವಾ
ಎನ್ನುತ್ತಿದ್ದಾರೆ.
ಯಾವ ಹಾಡೋ,
ಗೊತ್ತಾಗುತ್ತಿಲ್ಲ.